ಚಿತ್ರಗಳು: ಸಂಗ್ರಹ

ಇದು ಒಂದು ಉಗುರಿನ ಕಥೆ, ಮತ್ತು ಅಪ್ಪಟ ನಿಜ. ಸುಳ್ಳು ಕಟ್ಟುವುದಾಗಿದ್ದರೆ ಉಗುರಿನ ಜಾಗದಲ್ಲಿ ವಜ್ರದುಂಗುರ ಇಟ್ಟು, ಕಳ್ಳನಿಗೊಂದು ಮೀಸೆ ಅಂಟಿಸಿ, ಕೊನೆಗೆ ಪೊಲೀಸ್ ಜೀಪು ತರಿಸಬಹುದಿತ್ತು. ಏನು ಮಾಡುವುದು, ಇಲ್ಲಿ ಕಳುವಾದದ್ದು ಉಗುರೇ. ಅದೂ ನಡುವೆ ಸೀಳಿದ ಉಗುರು. ಕದ್ದವರಿಗೆ ಮೀಸೆ ಇರಲಿಲ್ಲ. ತಲೆಯ ಮೇಲೆ ಮೂರೇ ಮೂರು ಕೂದಲಿದ್ದವು.

ಕಳವು ಗೆರೆಯ ಕಣ್ಣಿಗೆ ಬಿದ್ದದ್ದು ಊಟದ ಬಿಡುವು ಮುಗಿದ ಮೇಲೆ, ಮೂವತ್ತೇಳನೆಯ ಪುಟದಲ್ಲಿ.

ಗೆರೆ ಎನ್ನುವುದು ಆ ಪ್ರಕಾಶನದಲ್ಲಿ ಪುಟ ಕಟ್ಟುವ ಇಬ್ಬರಲ್ಲಿ ಕಿರಿಯವಳಿಗೆ ಬಿದ್ದ ಹೆಸರು. ಚಿತ್ರ ಬರೆಯುತ್ತಿದ್ದಳು, ಅಳತೆಪಟ್ಟಿ ಇಟ್ಟ ಹಾಗೆ ನೇರ ಮಾತಾಡುತ್ತಿದ್ದಳು, ಸಿಟ್ಟು ಬಂದರೆ ಹಣೆಯ ಮೇಲೆ ಎರಡು ಗೆರೆ ಎದ್ದು ನಿಲ್ಲುತ್ತಿದ್ದವು. ಹೀಗಾಗಿ ಹೆಸರು ಯಾವ ಕಡೆಯಿಂದ ಬಂತೆಂದು ಯಾರೂ ವಿಚಾರಿಸಲು ಹೋಗಲಿಲ್ಲ. ಹಿರಿಯವರಿಗೆ ಕತ್ತರಿ ಮಾಸ್ಟ್ರು ಎಂದು ಹೆಸರು. ಕಂಪ್ಯೂಟರ್ ಬರುವ ಮೊದಲು ಹಳೆಯ ಪುಸ್ತಕಗಳಿಂದ ಚಿತ್ರ ಕತ್ತರಿಸಿ, ಗೋಂದು ಹಚ್ಚಿ, ಹೊಸ ಪುಟಕ್ಕೆ ಅಂಟಿಸುತ್ತಿದ್ದ ಕೈ ಅದು. ಕಂಪ್ಯೂಟರ್ ಬಂತು, ಗೋಂದು ಒಣಗಿತು, ಕತ್ತರಿ ಡ್ರಾಯರ್ ಸೇರಿತು. ಚಾಳಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಪುಟಗಳೆಲ್ಲ ಸಿದ್ಧವಾದ ಮೇಲೆ ಅಚ್ಚಿಗೆ ಕಳಿಸಲು ಒಂದು ಪಿಡಿಎಫ್ ಮಾಡುತ್ತಾರಲ್ಲ, ಅದು ಬೇರೆಯವರಿಗೆ ಕೆಲಸ ಮುಗಿದ ಗುರುತು. ಮಾಸ್ಟ್ರಿಗೆ ಅದು ಬೀಗವಿಲ್ಲದ ಉಗ್ರಾಣ.

"ಪಿಡಿಎಫ್ ಅಂದ್ರೆ ಏನಂದ್ಕೊಂಡೆ, ಗೆರೆಯಮ್ಮಾ?" ಎನ್ನುವರು, ಕನ್ನಡಕವನ್ನು ಆ ಮೂರು ಕೂದಲಿನ ಮೇಲಕ್ಕೆ ತಳ್ಳುತ್ತ. "ಮಾಡಿಟ್ಟ ಅಡುಗೆ. ಮುಚ್ಚಳ ತೆಗಿ, ಬಡಿಸ್ಕೋ, ಉಣ್ಣು. ಒಲೆ ಯಾರದು, ಸೌದೆ ಯಾರದು ಅಂತ ಕೇಳ್ತಾ ಕೂತ್ರೆ ಹೊಟ್ಟೆ ತುಂಬುತ್ತಾ?"

ಹೇಳಿ ನಗುವರು. ಆ ನಗುವೋ, ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರವನ್ನು ಯಾರೋ ತಿರುಗಿಸಿದ ಹಾಗೆ: ಖರ್ರ್, ಖರ್ರ್, ಟಟಕ್.

ಆ ದಿನ ಮಾಸ್ಟ್ರು ಕಟ್ಟಿದ್ದ ಪುಸ್ತಕದ ಹೆಸರು 'ಹೊಲಿಗೆ ಯಂತ್ರ: ರಿಪೇರಿ ನಿಮ್ಮ ಕೈಯಲ್ಲೇ'. ಒಂದು ಹೊಲಿಗೆ ಶಾಲೆಯವರು ತಮ್ಮ ವಿದ್ಯಾರ್ಥಿಗಳಿಗೆಂದು ಮಾಡಿಸುತ್ತಿದ್ದದ್ದು. ಮರುದಿನ ಹನ್ನೊಂದಕ್ಕೆ ಶಾಲೆಯ ಮೇಡಂ ಬಂದು ಕೊನೆಯ ಪ್ರತಿ ನೋಡಿ ರುಜು ಹಾಕಬೇಕು, ನಾಲ್ಕಕ್ಕೆ ಫೈಲು ಅಚ್ಚಿಗೆ ಹೋಗಬೇಕು. "ಪುಟಸಂಖ್ಯೆ ಸರಿಯಾಗಿದೆಯಾ ನೋಡಿಬಿಡು, ತಾಯೀ" ಎಂದು ಮಾಸ್ಟ್ರು ಒಂದು ಪ್ರತಿಯನ್ನು ಗೆರೆಯ ಮೇಜಿಗೆ ಎಸೆದು ಚಹಾಕ್ಕೆ ಹೋದರು. ಗೆರೆ ಸಂಖ್ಯೆ ನೋಡುತ್ತಾ ಹೋದಳು. ಮೂವತ್ತೈದು, ಮೂವತ್ತಾರು, ಮೂವತ್ತೇಳು.

ಮೂವತ್ತೇಳರಲ್ಲಿ ಅವಳ ಅಪ್ಪನ ಕೈ ಇತ್ತು.

ಹನಿ ಎಣ್ಣೆ ಬಿಡುವ ಡಬ್ಬಿಯನ್ನು ಹಿಡಿದ ಬಲಗೈ. ಹೆಬ್ಬೆರಳಿನ ಬುಡದ ಮಡಿಕೆ, ಮಣಿಕಟ್ಟಿನ ಎಲುಬು, ಎಲ್ಲ ಅವಳೇ ಬರೆದದ್ದು. ತೋರುಬೆರಳಿನ ಉಗುರು ಮಾತ್ರ ಯಾರದೋ. ಅಪ್ಪ ಹರೆಯದಲ್ಲಿದ್ದಾಗ ಆ ಬೆರಳಿಗೆ ಸೂಜಿ ಹೊಕ್ಕು ಆ ಕಡೆಯಿಂದ ಹೊರಬಂದಿತ್ತು. ಆಮೇಲೆ ಉಗುರು ಎರಡಾಗಿಯೇ ಬೆಳೆಯಿತು, ನಡುವೆ ಗದ್ದೆಯ ಕಾಲುವೆಯ ಹಾಗೆ ಒಂದು ಗೀರು. ಇಲ್ಲಿ ಆ ಗೀರಿನ ಮೇಲೆ ನುಣ್ಣನೆಯ ಒಂದು ಉಗುರನ್ನು ಬರೆದು ಅಂಟಿಸಲಾಗಿತ್ತು. ಮದುವೆಗೆ ಹೊರಟವರ ಉಗುರು.

ಪುಟ ತಿರುಗಿಸಿದಳು. ಮೂವತ್ತೆಂಟರಲ್ಲಿ ಚಿತ್ರವೇ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿತ್ತು. ಕೈಯಿಂದ ತಿರುಗಿಸುವ ಚಕ್ರ, ಯಾವ ಹೊಲಿಗೆ ಯಂತ್ರದಲ್ಲೂ ಬಲಗಡೆಗೇ ಇರುವ ಚಕ್ರ, ಎಡಗಡೆ ಕೂತಿತ್ತು. ಅಪ್ಪನ ಬಲಗೈ ಎಡಗೈಯಾಗಿತ್ತು.

ಹಿಂದಕ್ಕೆ ತಿರುಗಿಸಿ, ಮುದ್ರಣ ವಿವರಗಳ ಪುಟಕ್ಕೆ ಬಂದಳು. ಪ್ರಧಾನ ಮಾರ್ಗದರ್ಶನ: ಯಜಮಾನರು. ಸಲಹೆ: ಯಜಮಾನರ ಅಳಿಯ. ಪುಟವಿನ್ಯಾಸ: ಕತ್ತರಿ ಮಾಸ್ಟ್ರು. ಅದರ ಕೆಳಗೆ, ಅಚ್ಚುಕಟ್ಟಾಗಿ, 'ಚಿತ್ರಗಳು: ಸಂಗ್ರಹ'.

ಗೆರೆಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

ಹನ್ನೊಂದು ವರ್ಷದ ಹಿಂದೆ, ಇದೇ ಪ್ರಕಾಶನದ ಹಳೆಯ ಕೈಪಿಡಿಗೆಂದು, ಅವಳೂ ಅಪ್ಪನೂ ನಾಲ್ಕು ತಿಂಗಳು ಊಟದ ಮೇಜಿನ ಮೇಲೆ ಯಂತ್ರ ಇಟ್ಟುಕೊಂಡು ಕೂತಿದ್ದರು. ಅಪ್ಪ ಹಿಡಿಯುವುದು, ಮಗಳು ಬರೆಯುವುದು. "ಅಲ್ಲಾಡಬೇಡಪ್ಪಾ." "ನಾನೆಲ್ಲಿ ಅಲ್ಲಾಡ್ತಿದೀನಿ, ನಿನ್ನ ಪೆನ್ಸಿಲ್ ಅಲ್ಲಾಡ್ತಿದೆ." ಅರವತ್ತನಾಲ್ಕು ಚಿತ್ರ. ಆ ಹಳೆಯ ಪುಸ್ತಕದಲ್ಲಿ ಒಂದು ಸಾಲಿತ್ತು: 'ಗೆರೆ' ಎಂದು ಬರೆದು ಅವಳ ಪೂರ್ತಿ ಹೆಸರು, 'ಕೈ' ಎಂದು ಬರೆದು ಅಪ್ಪನ ಪೂರ್ತಿ ಹೆಸರು. ಅಪ್ಪ ಆ ಪುಟವನ್ನು ತನ್ನ ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದ, ಬಂದವರ ಕಣ್ಣಿಗೆ ಬೀಳುವ ಹಾಗೆ, ತನಗೇನೂ ಗೊತ್ತಿಲ್ಲದವನ ಹಾಗೆ.

ಮಾಸ್ಟ್ರು ಚಹಾ ಮುಗಿಸಿ ಬಾಗಿಲಲ್ಲಿ ಕಾಣಿಸಿಕೊಂಡರು.

"ಮಾಸ್ಟ್ರೇ, ಇದು ನಮ್ಮಪ್ಪನ ಕೈ."

"ಯಾರ ಕೈ ಆದ್ರೇನಮ್ಮಾ, ಐದು ಬೆರಳು ಇದಾವೆ ತಾನೇ?"

"ಉಗುರು ಎಲ್ಲಿ?"

"ರಿಪೇರಿ ಮಾಡ್ದೆ." ಮಾಸ್ಟ್ರು ಹೆಮ್ಮೆಯಿಂದ ಹೇಳಿದರು. "ಹತ್ತಿರದಿಂದ ಕಾಣೋ ಚಿತ್ರ ಒಂಬತ್ತಿದ್ವು, ಒಂಬತ್ತಕ್ಕೂ ಹೊಸ ಉಗುರು ಹಾಕಿದೀನಿ. ರಿಪೇರಿ ಪುಸ್ತಕದಲ್ಲಿ ರಿಪೇರಿಯಾಗದ ಉಗುರು ಇಟ್ರೆ ನೋಡಿದೋರು ನಗಲ್ವಾ?"

"ಚಕ್ರ ಯಾಕೆ ಎಡಗಡೆಗೆ ಬಂತು?"

"ಅದು ಎಡಪುಟ ಕಣಮ್ಮಾ. ಎಡಪುಟದ ಚಿತ್ರ ಪುಸ್ತಕದ ಒಳಗಡೆ ಮುಖ ಮಾಡ್ಬೇಕು. ಹೊರಗಡೆ ನೋಡ್ತಿದ್ರೆ ಓದೋರ ಕಣ್ಣೂ ಅದರ ಹಿಂದೇನೇ ಎದ್ದು ಹೋಗುತ್ತೆ. ಮೂವತ್ತು ವರ್ಷದಿಂದ ತಿರುಗಿಸ್ತಾ ಇದೀನಿ. ಮಂತ್ರಿಗಳನ್ನೂ ತಿರುಗಿಸಿದೀನಿ, ಯಾರೂ ಕೇಳಿಲ್ಲ."

"ಮಂತ್ರಿನ ತಿರುಗಿಸಿದ್ರೆ ಬೈತಲೆ ಆ ಕಡೆಯಿಂದ ಈ ಕಡೆ ಹೋಗುತ್ತೆ, ಅಷ್ಟೇ. ಮಿಷನ್ ತಿರುಗಿಸಿದ್ರೆ ಅದು ಪ್ರಪಂಚದಲ್ಲೇ ಇಲ್ಲದ ಮಿಷನ್ ಆಗುತ್ತೆ!"

"ಅಯ್ಯೋ, ಎಷ್ಟು ಬೇಗ ಬಿಸಿಯಾಗ್ತೀಯಾ!" ಮಾಸ್ಟ್ರು ಕುರ್ಚಿಗೆ ಒರಗಿ ಖರ್ರ್, ಖರ್ರ್, ಟಟಕ್ ಎಂದರು. "ಪಿಡಿಎಫ್‌ನಲ್ಲಿತ್ತು, ತಗೊಂಡೆ. ನಿನ್ನ ಮನೆಗೆ ಬಂದು ಬೀಗ ಒಡೆದ್ನಾ?"

ಗೆರೆ ಆ ಪ್ರತಿಯನ್ನು ಎತ್ತಿಕೊಂಡು ಸೀದಾ ಯಜಮಾನರ ಕೋಣೆಗೆ ಹೋದಳು. ಬಾಗಿಲು ತಟ್ಟಿದಳೋ ಒದ್ದಳೋ ಹೇಳುವುದು ಕಷ್ಟ. ಒಳಗಿದ್ದವರು ಬೆಚ್ಚಿಬಿದ್ದದ್ದಂತೂ ಹೌದು.

ಯಜಮಾನರು ಸಿಟ್ಟಾಗುವವರಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿ. ಗುದ್ದಾಡಲಾದರೂ ಒಂದು ಗೋಡೆ ಸಿಗುತ್ತಿತ್ತು. ಅವರದು ದಿಂಬು.

"ಕೂತ್ಕೊಳ್ಳಮ್ಮಾ. ನೋಡು, ಒಂದು ರೀತೀಲಿ ಅದು ನಿನ್ನ ಚಿತ್ರ. ಇನ್ನೊಂದು ರೀತೀಲಿ ನಮ್ಮ ಪುಸ್ತಕ. ಮತ್ತೊಂದು ರೀತೀಲಿ ನೋಡಿದ್ರೆ..."

"ಒಟ್ಟು ಎಷ್ಟು ರೀತಿ ಇದೆ ಸಾರ್? ನಾನು ನಿಂತೇ ಕೇಳ್ತೀನಿ."

"ಇದೇ ನೋಡು ಈಗಿನವರ ಕಷ್ಟ. ಏನು ಬೇಕು ನಿನಗೆ? ದುಡ್ಡಾ?"

"ಒಂದು ಪೈಸೆ ಬೇಡ. ಎರಡು ಹೆಸರು ಬೇಕು, ಹಿಂದೆ ಹೇಗಿತ್ತೋ ಹಾಗೆ. ಒಂದೇ ಒಂದು ಸಾಲು. ತಿರುಗಿಸಿರೋ ಚಿತ್ರ ಎಲ್ಲ ನೆಟ್ಟಗಾಗಬೇಕು."

ಯಜಮಾನರು ಆ ಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಸಾಲಿಗೆ ಜಾಗ ಎಲ್ಲಿದೆಯಮ್ಮಾ? ಒಂದು ಸೇರಿಸಿದ್ರೆ ಕೊನೇದು ಪುಟದಿಂದ ಕೆಳಗೆ ಬಿದ್ದುಹೋಗುತ್ತೆ. ಪಾಪ, ಅಚ್ಚುಕೂಟದ ವಿಳಾಸ. ಇನ್ನು ಚಿತ್ರ ತಿರುಗಿಸೋದೆಲ್ಲ ಮಾಸ್ಟ್ರ ಇಲಾಖೆ. ಮುಂದಿನ ಮುದ್ರಣದಲ್ಲಿ ನೋಡೋಣ, ಆಯ್ತಾ?"

ಮುಂದಿನ ಮುದ್ರಣ! ಹಳೆಯ ಕೈಪಿಡಿಯ ಮುಂದಿನ ಮುದ್ರಣಕ್ಕೆ ಅಪ್ಪ ಹನ್ನೊಂದು ವರ್ಷದಿಂದ ಕಾಯುತ್ತಿದ್ದ. ಅದೀಗ ಬಂದಿತ್ತು, ಬೇರೆ ಅಂಗಿ ತೊಟ್ಟುಕೊಂಡು, ಅವನನ್ನೇ ಗುರುತಿಸದೆ.

ತನ್ನ ಜಾಗಕ್ಕೆ ವಾಪಸ್ಸಾದ ಗೆರೆ ಹಲ್ಲು ಕಚ್ಚಿಕೊಂಡು ಮಾಸ್ಟ್ರ ಫೈಲನ್ನು ತನ್ನ ಪರದೆಯ ಮೇಲೆ ತೆರೆದಳು. ಇನ್ನೂ ಏನೇನು ಹಾಳುಮಾಡಿದ್ದಾರೋ ನೋಡೋಣ ಎಂದು ಚಿತ್ರಗಳ ಪಟ್ಟಿ ಬಿಚ್ಚಿದಳು. ಬಿಚ್ಚಿದವಳು ಹಾಗೇ ಕೂತಳು.

ಪುಟಕ್ಕೆ ಚಿತ್ರ ಹಾಕಲು ಎರಡು ದಾರಿ ಇವೆ. ಒಂದು, ಚಿತ್ರದ ನಕಲು ಮಾಡಿ ತನ್ನ ಫೈಲಿನೊಳಗೆ ತಂದಿಟ್ಟುಕೊಳ್ಳುವುದು. ಇನ್ನೊಂದು, ಚಿತ್ರವನ್ನು ಇದ್ದಲ್ಲೇ ಬಿಟ್ಟು ಅದರ ಕಡೆಗೆ ಒಂದು ಕಿಟಕಿ ಕೊರೆಯುವುದು. ಪುಟದ ಮೇಲೆ ಕಾಣುವುದು ಆ ಕಿಟಕಿಯಿಂದ ಕಂಡ ನೋಟ. ನಕಲು ಮಾಡಲು ಅರವತ್ತನಾಲ್ಕು ಸಲ ಸೊಂಟ ಬಗ್ಗಿಸಬೇಕಲ್ಲ, ಮಾಸ್ಟ್ರು ಕಿಟಕಿಯನ್ನೇ ಕೊರೆದಿದ್ದರು. ಅರವತ್ತನಾಲ್ಕು ಕಿಟಕಿಗಳೂ ತೆರೆದುಕೊಂಡಿದ್ದದ್ದು ಒಂದೇ ಕಡೆಗೆ: ಗೆರೆಯ ಕಂಪ್ಯೂಟರಿಗೆ, ಗೆರೆಯ ಫೋಲ್ಡರಿಗೆ, ಹಳೆಯ ಕೈಪಿಡಿಯ ಆ ಪಿಡಿಎಫ್‌ಗೆ. ಅಲ್ಲಿ ಅವಳು ಏನು ಇಟ್ಟರೂ ಇಲ್ಲಿ ಅದೇ ಕಾಣಬೇಕು.

ಆ ಪಿಡಿಎಫ್ ಅಳಿಸಿಬಿಟ್ಟರೆ? ಬೆರಳು ಗುಂಡಿಯವರೆಗೂ ಹೋಯಿತು. ಅರವತ್ತನಾಲ್ಕು ಖಾಲಿ ಚೌಕ ಉಳಿಯುತ್ತವೆ. ಆದರೆ ಖಾಲಿ ಚೌಕ ಅದು ಯಾರ ಕೈ ಎಂದು ಹೇಳುವುದಿಲ್ಲ. ಗೆರೆ ಬೆರಳು ಹಿಂದಕ್ಕೆ ತೆಗೆದಳು. ಮಾಸ್ಟ್ರು ಕಿಟಕಿಗಳ ಮೇಲೆ, ತಮ್ಮದೇ ಫೈಲಿನಲ್ಲಿ ಅಂಟಿಸಿದ್ದ ಒಂಬತ್ತು ಉಗುರುಗಳು ಯಾವ ಯಾವ ಪುಟದಲ್ಲಿ, ಚೌಕದ ಯಾವ ಮೂಲೆಯಿಂದ ಎಷ್ಟು ದೂರದಲ್ಲಿ ಅಂಟಿವೆ ಎಂದು ಅಳತೆ ಬರೆದುಕೊಂಡಳು. ಹೆಗಲಿಗೆ ಚೀಲ ಹಾಕಿಕೊಂಡು ಮನೆಗೆ ನಡೆದಳು.

ಅಪ್ಪ ಕಿಟಕಿಯ ಪಕ್ಕ ಕೂತು ಫೋನಿಗೆ ಕಿವಿ ಕೊಟ್ಟಿದ್ದ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ಅವನು ಕಿವಿಯಿಂದಲೇ ರಿಪೇರಿ ಮಾಡುತ್ತಿದ್ದ. ಗೊತ್ತಿದ್ದವರು ಫೋನು ಮಾಡಿ ಯಂತ್ರದ ಹತ್ತಿರ ಹಿಡಿಯುತ್ತಿದ್ದರು. ಅಪ್ಪ ಆ ಸದ್ದನ್ನು ಬಾಯಲ್ಲಿ ಹಾಗೇ ತೆಗೆದು ತೋರಿಸಿ ರೋಗ ಹೇಳುತ್ತಿದ್ದ.

"ತಿರುಗ್ಸಿ... ನಿಲ್ಸಿ. ಟಕ್ ಟಕ್ ಟಕ್ ಅನ್ಬೇಕಾದ್ದು ಟಟಕ್, ಟಟಕ್ ಅಂತಿದೆ. ಬಾಬಿನ್ ಗೂಡು ಸಡಿಲ ಆಗಿದೆ ತಾಯೀ. ಬಿಗಿ ಮಾಡಿ. ಸಿಟ್ಟಿಂದ ಬಿಗಿ ಮಾಡ್ಬೇಡಿ, ಪ್ರೀತಿಯಿಂದ ಬಿಗಿ ಮಾಡಿ." ಫೋನ್ ಇಟ್ಟು ಮಗಳ ಕಡೆ ತಿರುಗಿದ. "ಏನೇ, ಚಪ್ಪಲಿ ಬಿಡೋ ಸದ್ದೇ ಸರಿಯಿಲ್ಲ ಇವತ್ತು. ಯಾರ ಮೇಲೆ?"

ಗೆರೆ ಹೇಳಿದಳು. ಹೇಳಿದಳು ಎಂದರೆ ಸಾಲದು, ಆಡಿ ತೋರಿಸಿದಳು. ಅಪ್ಪನ ಮಗಳು ತಾನೇ. ದಿಂಬನ್ನು ಹೊಟ್ಟೆಗೆ ಕಟ್ಟಿಕೊಂಡು "ಒಂದು ರೀತೀಲಿ, ಇನ್ನೊಂದು ರೀತೀಲಿ" ಎಂದಳು. ಚಮಚವನ್ನು ನೆತ್ತಿಗೆ ತಳ್ಳಿಕೊಂಡು "ಮಾಡಿಟ್ಟ ಅಡುಗೆ ಕಣಮ್ಮಾ" ಎಂದಳು. ಅಪ್ಪ ನಕ್ಕ. ಹೆಸರು ಬಿಟ್ಟಿದ್ದಾರೆ ಎಂದಾಗಲೂ ನಗು ಪೂರ್ತಿ ಇಳಿಯಲಿಲ್ಲ. "ಸಂಗ್ರಹನಾ? ಒಳ್ಳೇ ಹೆಸರು. ಯಾರ ಮನೆ ಮಗ ಅವನು?" ಎಂದ. ಉಗುರಿಗೆ ಉಗುರು ಅಂಟಿಸಿದ್ದಾರೆ ಎಂದಾಗ ತನ್ನ ಬೆರಳನ್ನು ತಾನೇ ಒಮ್ಮೆ ಸವರಿಕೊಂಡ, ಅಷ್ಟೇ.

"ಆಮೇಲೆ, ಎಡಪುಟದಲ್ಲಿ ಮಿಷನ್ ತಿರುಗಿಸಿಬಿಟ್ಟಿದ್ದಾರಪ್ಪ. ಚಕ್ರ ಎಡಗಡೆಗೆ ಬಂದಿದೆ."

ನಗು ಅಲ್ಲಿ ನಿಂತಿತು.

"ನನ್ನ ಕೈ ಪಕ್ಕದಲ್ಲಾ?"

"ಹ್ಞೂಂ."

"ನನ್ನ ಕೈ ಇಟ್ಕೊಂಡು, ಎಡಗಡೆ ಚಕ್ರ ತಿರುಗಿಸ್ತಿದೆ ಅಂತ ತೋರಿಸಿದ್ದಾನಾ?" ಅಪ್ಪ ಎದ್ದು ನಿಂತ. ಅವನ ದನಿ ಏರಲಿಲ್ಲ. ಗೆರೆಗೆ ಅದೇ ತಾಳಲಾಗಲಿಲ್ಲ. "ಹೆಸರು ಹೋಗ್ಲಿ ಮಗಳೇ, ಹೆಸರು ಬರೀ ಶಾಯಿ. ನಲವತ್ತೆರಡು ವರ್ಷ ಆ ಚಕ್ರದ ಮೇಲೆ ಕೈ ಇಟ್ಟಿದೀನಿ. ಈಗ ಕಲಿಯೋ ಮಕ್ಕಳು ಪುಸ್ತಕ ನೋಡಿ, ಈ ಮುದುಕನಿಗೆ ಚಕ್ರ ಎಲ್ಲಿದೆ ಅಂತಾನೂ ಗೊತ್ತಿರ್ಲಿಲ್ಲ ಅಂತ ಅಂದ್ಕೊಳ್ಬೇಕಾ? ಅವನನ್ನ ಕರ್ಕೊಂಡು ಬಾ ಇಲ್ಲಿಗೆ. ಅವನ ತಲೆಗೆ ಎರಡು ಹನಿ ಎಣ್ಣೆ ಬಿಟ್ಟು, ಸ್ಕ್ರೂ ಎಲ್ಲಿ ಸಡಿಲ ಆಗಿದೆ ನೋಡ್ತೀನಿ!"

ಗೆರೆ ಅಪ್ಪನ ಮುಖ ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಎಲೆಕೋಸು ತಂದು ಮೇಜಿನ ಮೇಲಿಟ್ಟಳು.

"ಕರ್ಕೊಂಡು ಬಂದೆ. ಬಿಡು ಎಣ್ಣೆ."

ರಾತ್ರಿ ಊಟದ ಹೊತ್ತಿಗೆ ಒಂಬತ್ತು ಚಿತ್ರ ಮುಗಿದಿದ್ದವು. ಅಪ್ಪ ಎಲೆಕೋಸನ್ನು ಹಿಡಿಯುವುದು, ಮಗಳು ಬರೆಯುವುದು, ಹನ್ನೊಂದು ವರ್ಷದ ಹಿಂದಿನ ಹಾಗೆಯೇ. ಈಗ ಕೈ ಸ್ವಲ್ಪ ನಡುಗುತ್ತಿತ್ತು. "ಅಲ್ಲಾಡಬೇಡಪ್ಪಾ" ಎಂದು ಈ ಸಲ ಅವಳು ಅನ್ನಲಿಲ್ಲ. ಕಾಗದದ ಮೇಲೆ ಎಲೆಕೋಸಿಗೆ ಕನ್ನಡಕ ಬಂತು, ಎರಡು ಕಿವಿ ಬಂದವು, ಮೂರು ಕೂದಲು ಬಂದವು. ಪ್ರತಿ ಚಿತ್ರದಲ್ಲೂ ಮೂಗಿನ ತುದಿ ಎಲ್ಲಿ ಬರಬೇಕೆಂದು ಗೆರೆ ಅಳತೆಪಟ್ಟಿ ಇಟ್ಟು ಅಳೆದಳು. ಅಪ್ಪನ ಸೀಳು ಉಗುರನ್ನು ಎಲ್ಲೂ ಯಾವುದೂ ಮುಚ್ಚದ ಹಾಗೆ ನೋಡಿಕೊಂಡಳು.

"ಅವರಿಗೆ ಮಾತ್ರ ತೋರ್ಸೋದು ತಾನೇ?" ಅಪ್ಪ ಕೇಳಿದ.

"ಅವರಿಗೆ ಮಾತ್ರ. ಬೆಳಿಗ್ಗೆ ಫೈಲು ತೆಗೀತಾರೆ, ನೋಡ್ತಾರೆ, ಮುಖ ಹುಳ್ಳಗಾಗುತ್ತೆ. ಮೇಡಂ ಬರೋದ್ರೊಳಗೆ ನನ್ನ ಹತ್ರ ಬರಲೇಬೇಕು. ಅಸಲಿ ಪಿಡಿಎಫ್ ಬೇಕು ಅಂದ್ರೆ ಹೆಸರು ಹಾಕಿ, ಚಿತ್ರ ನೆಟ್ಟಗೆ ಮಾಡಿ ಅಂತೀನಿ."

ಮರುದಿನ ಎಲ್ಲರಿಗಿಂತ ಮೊದಲು ಬಂದು ಗೆರೆ ಕೆಲಸ ಮುಗಿಸಿದಳು. ಹಳೆಯ ಪಿಡಿಎಫ್‌ಗೆ 'ಅಸಲಿ' ಎಂದು ಬೇರೆ ಹೆಸರಿಟ್ಟು ಎತ್ತಿಟ್ಟಳು. ಒಂಬತ್ತು ಪುಟ ಬದಲಿಸಿದ ಹೊಸದನ್ನು ಹಳೆಯ ಹೆಸರಿನಲ್ಲೇ ಹಳೆಯ ಜಾಗದಲ್ಲಿಟ್ಟಳು. ಒಂಬತ್ತೂವರೆಗೆ ಮಾಸ್ಟ್ರು ಬಂದು ಕಂಪ್ಯೂಟರ್ ಹಚ್ಚಿ ಫೈಲು ತೆರೆದರು. ಗೆರೆ ತನ್ನ ಪರದೆಯ ಅಂಚಿನಿಂದ ಇಣುಕಿದಳು.

ಅವಳ ಅಂದಾಜು ತಪ್ಪಿದ್ದು ಇಲ್ಲಿ. ಚಿತ್ರಗಳು ಬದಲಾಗಿವೆ, ಹೊಸದನ್ನು ತಂದುಕೊಳ್ಳಲೇ ಎಂದು ಕಂಪ್ಯೂಟರ್ ಮರ್ಯಾದೆಯಿಂದ ಕೇಳಿತು. ಮಾಸ್ಟ್ರು ಜೀವಮಾನದಲ್ಲಿ ಒಂದು ಎಚ್ಚರಿಕೆಯನ್ನೂ ಪೂರ್ತಿ ಓದಿದವರಲ್ಲ. "ಮಿಷನ್ ಕೇಳೋದಕ್ಕೂ ಹೆಂಡತಿ ಕೇಳೋದಕ್ಕೂ ಮೊದಲು ಹೌದು ಅಂದ್ಬಿಡ್ಬೇಕು" ಎಂದು ಎಲ್ಲರಿಗೂ ಬುದ್ಧಿ ಹೇಳುವವರು. ಹೌದು ಎಂದು ಒತ್ತಿದರು. ಪುಟ ನೋಡಲೂ ಇಲ್ಲ, ಮುದ್ರಿಸು ಎಂದು ಒತ್ತಿದರು. ಎರಡು ಪ್ರತಿ ಹೊರಬಂದವು. ಬೆನ್ನಿಗೆ ಸುರುಳಿ ತಂತಿ ಹಾಕಿಸಿಕೊಂಡು, ಹಾಡು ಗುನುಗುತ್ತ, ಸೀದಾ ಯಜಮಾನರ ಕೋಣೆಯ ಮೇಜಿನ ಮೇಲೆ ಇಟ್ಟುಬಂದರು.

"ಮಾಸ್ಟ್ರೇ, ಒಂದ್ಸಲ ನೋಡಿಬಿಡಿ" ಎಂದಳು ಗೆರೆ.

"ನೋಡೋದೇನಿದೆ? ಉಗುರಿನ ವಿಷಯ ಮತ್ತೆ ತೆಗೀಬೇಡ ತಾಯೀ, ಕೈ ಮುಗೀತೀನಿ."

ಆ ಮಾತಿಗೆ ಅವಳ ಹಣೆಯ ಮೇಲೆ ಎರಡು ಗೆರೆ ಎದ್ದವು. ಹೇಳಿಬಿಡಬಹುದಿತ್ತು, ಓಡಿಹೋಗಿ ಎರಡು ಪ್ರತಿಯನ್ನೂ ಎತ್ತಿಕೊಂಡು ಬರಬಹುದಿತ್ತು. ಮುದ್ರಕದ ಪಕ್ಕದಲ್ಲಿ ನಿಂತು ಅವಳು ಯೋಚಿಸುತ್ತಿರುವಾಗಲೇ ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಹನ್ನೊಂದಕ್ಕೆ ಬರಬೇಕಾಗಿದ್ದ ಮೇಡಂ ಹತ್ತೂವರೆಗೇ ಬಂದಿದ್ದರು.

ಹೊಲಿಗೆ ಶಾಲೆಯ ಮೇಡಂ ನೀಳ ದೇಹದ, ಗಟ್ಟಿ ದನಿಯ ಹೆಂಗಸು. ಅಳತೆ ಟೇಪನ್ನು ಕತ್ತಿಗೆ ಹಾಕಿಕೊಂಡೇ ಬಂದಿದ್ದರು, ಮರೆತು. ಯಜಮಾನರು ಕುರ್ಚಿ ಎಳೆದುಕೊಟ್ಟರು. ಮಾಸ್ಟ್ರು ಪಕ್ಕದಲ್ಲಿ ಕೂತರು. ಗೆರೆಯನ್ನು ಯಾರೂ ಕರೆದಿರಲಿಲ್ಲ, ಬಾಗಿಲಲ್ಲಿ ನಿಂತಳು. ಮೇಡಂ ಪುಟ ತಿರುಗಿಸುತ್ತ ಹೋದರು. ಮೊದಲು ಕೆಲವು ಎಡಪುಟಗಳಲ್ಲಿ ಹುಬ್ಬು ಗಂಟಿಕ್ಕಿದರು. ಮೂವತ್ತೇಳಕ್ಕೆ ಬಂದು ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ತರಗತಿಯಲ್ಲಿ ಪಾಠ ಓದುವ ದನಿಯಲ್ಲಿ ಚಿತ್ರದ ಕೆಳಗಿನ ಬರಹ ಓದಿದರು.

"'ವಾರಕ್ಕೊಮ್ಮೆ ಈ ತೂತಿಗೆ ಎರಡು ಹನಿ ಎಣ್ಣೆ ಬಿಡಿ. ಹೆಚ್ಚಾದದ್ದನ್ನು ಹಳೆಯ ಬಟ್ಟೆಯಿಂದ ಒರೆಸಿ.'"

ಚಿತ್ರದಲ್ಲಿ ಅಪ್ಪನ ಕೈ ಕತ್ತರಿ ಮಾಸ್ಟ್ರ ಎಡಗಿವಿಗೆ ಎಣ್ಣೆ ಬಿಡುತ್ತಿತ್ತು.

ಪುಟ ತಿರುಗಿತು. "'ತಲೆಯನ್ನು ಹಿಂದಕ್ಕೆ ಬಾಗಿಸಿ, ಒಳಗೆ ಸೇರಿದ ಕಸ ತೆಗೆಯಿರಿ.'" ನಲವತ್ತೊಂದು. "'ಸ್ಕ್ರೂ ಸಡಿಲವಾಗಿದ್ದರೆ ಬಿಗಿಗೊಳಿಸಿ.'" ನಲವತ್ತಾರು. "'ದಾರವನ್ನು ಮೇಲಿನಿಂದ ಪೋಣಿಸಿ.'" ಅಲ್ಲಿ ಆ ಮೂರು ಕೂದಲನ್ನು ಒಂದೊಂದಾಗಿ ಸೂಜಿಯ ಕಣ್ಣಿಗೆ ಪೋಣಿಸಲಾಗುತ್ತಿತ್ತು. ಪ್ರತಿ ಚಿತ್ರದಲ್ಲೂ, ಮಾಸ್ಟ್ರ ಮೂಗಿನ ತುದಿಯ ಮೇಲೆ, ಅವರೇ ಅಂಟಿಸಿದ್ದ ನುಣ್ಣನೆಯ ಉಗುರು ಟೊಪ್ಪಿಗೆಯ ಹಾಗೆ ಕೂತಿತ್ತು.

ಮೇಡಂ ಪ್ರತಿಯನ್ನು ಯಜಮಾನರ ಕಡೆಗೆ ತಿರುಗಿಸಿದರು.

"ಇದು... ಇದು ಒಂದು ರೀತೀಲಿ..." ಎಂದರು ಯಜಮಾನರು. ಅವರಿಗೆ ಮೊದಲ ಸಲ ಎರಡನೆಯ ರೀತಿ ಸಿಗಲಿಲ್ಲ. "ಯಾರು ಮಾಡಿದ್ದು ಇದು?"

"ನಾನೇ ಸಾರ್" ಎಂದಳು ಗೆರೆ. ನಡುಗುತ್ತಿದ್ದಳು, ಹೆದರಿಕೆಯಿಂದ ಎಂದುಕೊಂಡವರಿಗೆ ಅವಳ ಹಣೆ ಕಾಣಿಸಿರಲಿಲ್ಲ. "ಮೇಡಂ, ನಿಮಗೆ ಹೀಗೆ ತೋರಿಸ್ಬೇಕು ಅಂತ ಇರ್ಲಿಲ್ಲ, ಅದು ನನ್ನ ತಪ್ಪು. ಉಳಿದಿದ್ದು ನನ್ನ ತಪ್ಪಲ್ಲ. ಆ ಕೈ ನಮ್ಮಪ್ಪಂದು. ಈ ಪುಸ್ತಕದ ಅರವತ್ನಾಲ್ಕು ಚಿತ್ರನೂ ನಾನು ಬರೆದದ್ದು, ಹನ್ನೊಂದು ವರ್ಷದ ಹಿಂದೆ. ಪಿಡಿಎಫ್‌ನಿಂದ ತಗೊಂಡ್ರು, ಕೇಳ್ಲಿಲ್ಲ. ಅಪ್ಪನ ಉಗುರು ಮುಚ್ಚಿದ್ರು, ಬಲಗೈನ ಎಡಗೈ ಮಾಡಿದ್ರು. ಕೇಳಿದ್ರೆ ನಗ್ತಾರೆ! ಹೆಸರು ಹಾಕಿ ಅಂದ್ರೆ ಸಾಲಿಗೆ ಜಾಗ ಇಲ್ವಂತೆ. ಜಾಗ ಇದೆ ಸಾರ್! ಚಿತ್ರಗಳು ಅಂತ ಬರೆದಿರೋ ಸಾಲಿನಲ್ಲಿ ಸಂಗ್ರಹ ಅನ್ನೋನು ಕಾಲು ಚಾಚ್ಕೊಂಡು ಕೂತಿದ್ದಾನಲ್ಲ, ಹುಟ್ಟೇ ಇಲ್ಲದೋನು, ಅವನನ್ನ ಎಬ್ಬಿಸಿ! ಅದು ನಮ್ಮ ಕುರ್ಚಿ!"

ಯಜಮಾನರು ಬಾಯಿ ತೆರೆದರು. ಮೇಡಂ ಅಳತೆ ಟೇಪಿನ ತುದಿಯನ್ನು ಎತ್ತಿ ತೋರಿಸಿದರು, ಅವರು ಮುಚ್ಚಿದರು.

"ಈ ಸೀಳು ಉಗುರು ನನಗೆ ಗೊತ್ತು" ಎಂದರು ಮೇಡಂ. "ನಾನು ಮಿಷನ್ ಬಿಚ್ಚೋದು ಕಲಿತಿದ್ದೇ ಆ ಹಳೇ ಪುಸ್ತಕದಿಂದ. ಉಗುರು ತೋರಿಸಿದ ಕಡೆ ಸ್ಕ್ರೂ ಇರುತ್ತೆ ಅಂತ ನಾವು ಹುಡುಗಿಯರು ಲೆಕ್ಕ ಇಟ್ಕೊಂಡಿದ್ವಿ. ಇದೇನಿದು, ಎಡಪುಟದಲ್ಲೆಲ್ಲಾ ಚಕ್ರ ಎಡಗಡೆ ಇದೆ ಅಂತ ಆಗಿನಿಂದ ನೋಡ್ತಿದೀನಿ. ನನ್ನ ಹುಡುಗಿಯರು ಇಲ್ಲದ ಚಕ್ರ ಹುಡುಕ್ತಾ ಕೂತಿರ್ಬೇಕಾ? ಚಿತ್ರ ನೆಟ್ಟಗಾಗೋವರೆಗೂ ರುಜು ಇಲ್ಲ. ಆ ಸಾಲು ಸರಿಯಾಗೋವರೆಗೂ ಇಲ್ಲ. ಉಗುರು ಎರಡಾಗೇ ಇರ್ಬೇಕು."

"ಆಗ್ಲಿ, ಎಲ್ಲಾ ರೀತೀಲೂ ಆಗ್ಲಿ" ಎಂದರು ಯಜಮಾನರು. ಪೆನ್ನು ತೆಗೆದು 'ಸಂಗ್ರಹ'ದ ಮೇಲೆ ತಾವೇ ಗೀಟು ಹಾಕಿ, ಗೆರೆಯನ್ನು ಕೇಳಿ ಕೇಳಿ, ಎರಡು ಹೆಸರನ್ನು ಪೂರ್ತಿಯಾಗಿ ಬರೆದರು. ಸಾಲು ಪುಟದೊಳಗೇ ಹಿಡಿಸಿತು. ಅಚ್ಚುಕೂಟದ ವಿಳಾಸಕ್ಕೆ ಕೂದಲೂ ಕೊಂಕಲಿಲ್ಲ.

ಗೆರೆಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಅವಳು ಮಾಸ್ಟ್ರನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅವರಿಗೆ ನೋಯಬೇಕಿತ್ತು. ಮಾಸ್ಟ್ರು ಎರಡನೆಯ ಪ್ರತಿಯನ್ನು ಮೂಗಿಗೆ ಹಿಡಿದುಕೊಂಡು ಪು­ಟದಿಂದ ಪುಟಕ್ಕೆ ಹೋಗುತ್ತಿದ್ದರು. ಕಿವಿ ಕೆಂಪಾಗಿತ್ತು.

ಆಗ ಗೆರೆಯ ಫೋನು ಬಡಿದುಕೊಂಡಿತು. "ಅಪ್ಪ" ಎನ್ನುತ್ತ ಅವಳು ಮೇಜಿನ ಹತ್ತಿರ ಬಂದಳು.

"ಆ ಕೈಯವರಾ? ಕೊಡಿ ಇಲ್ಲಿ" ಎಂದು ಮೇಡಂ ಫೋನನ್ನು ಮೇಜಿನ ನಡುವೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಮಾಡಿದರು.

"ಏನಾಯ್ತು ಮಗಳೇ? ಎಲೆಕೋಸು ಏನಂತು?" ಎಂದಿತು ಅಪ್ಪನ ದನಿ.

ಎಲೆಕೋಸು! ಮಾಸ್ಟ್ರು ತಲೆಯೆತ್ತಿದರು. ಫೋನನ್ನು ನೋಡಿದರು, ಚಿತ್ರವನ್ನು ನೋಡಿದರು, ಕೈ ತನ್ನಷ್ಟಕ್ಕೆ ಮೂರು ಕೂದಲಿನ ಕಡೆಗೆ ಹೋಯಿತು. ಒಳಗೆ ಎಲ್ಲೋ ಏನೋ ತಿರುಗತೊಡಗಿತು. ಖರ್ರ್. ಅವರು ತುಟಿ ಬಿಗಿ ಹಿಡಿದರು. ಖರ್ರ್, ಖರ್ರ್.

"ನಗಬೇಡಿ!" ಗೆರೆ ಮೇಜು ಗುದ್ದಿದಳು. "ಒಂದು ಮಾತು ತಪ್ಪಾಯ್ತು ಅನ್ನದೆ ನಗ್ತೀರಾ?"

"ತಪ್ಪಾಯ್ತು ಕಣಮ್ಮಾ, ತಪ್ಪಾಯ್ತು! ತಿರುಗಿಸಿದ ಮೂವತ್ತೊಂದು ಚಿತ್ರನೂ ನಾನೇ ನೆಟ್ಟಗೆ ಮಾಡ್ತೀನಿ, ಒಂಬತ್ತು ಉಗುರೂ ಕೀಳ್ತೀನಿ, ನಾಲ್ಕರೊಳಗೆ. ಆದ್ರೆ ಈ ನಲವತ್ತಾರನೇ ಪುಟ..." ಮಾಸ್ಟ್ರು ಕಣ್ಣೊರೆಸಿಕೊಂಡರು. "ಮೂರು ಕೂದಲೂ ಸೂಜಿಗೆ! ಇದರದೊಂದು ಪಿಡಿಎಫ್ ಕಳಿಸ್ತೀಯಾ, ಮನೇಲಿ ತೋರಿಸ್ಬೇಕು."

"ಕೆಳಗೆ ನನ್ನ ಹೆಸರು ಹಾಕಿದ್ರೆ ಮಾತ್ರ!"

"ಹಾಕ್ತೀನಿ! ದೊಡ್ಡಕ್ಷರದಲ್ಲಿ ಹಾಕ್ತೀನಿ! ಖರ್ರ್... ಟಟಕ್..."

ಮೇಜಿನ ಮೇಲಿನ ಫೋನು ಗಂಟಲು ಸರಿಮಾಡಿಕೊಂಡಿತು. "ಯಾರದು ತಾಯೀ ಅಲ್ಲಿ ಮಿಷನ್ ತಿರುಗಿಸ್ತಿರೋದು? ನಿಲ್ಸಿ, ನಿಲ್ಸಿ" ಎಂದಿತು ಅಪ್ಪನ ದನಿ, ಆಮೇಲೆ ಆ ನಗುವನ್ನು ಒಂದು ಎಳೆಯೂ ಬಿಡದೆ ಬಾಯಲ್ಲಿ ತೆಗೆದು ತೋರಿಸಿತು: "ಖರ್ರ್, ಖರ್ರ್, ಟಟಕ್. ಎಣ್ಣೆ ಕಂಡು ಬಹಳ ವರ್ಷ ಆಗಿದೆ. ಚಕ್ರ ಯಾರೋ ಎಡಗಡೆಯಿಂದ ತಿರುಗಿಸಿರ್ಬೇಕು."

ಮೇಡಂ ನಕ್ಕರು. ಯಜಮಾನರೂ ಒಂದು ರೀತಿಯಲ್ಲಿ ನಕ್ಕರು. ನಗಬಾರದೆಂದು ಹಟ ತೊಟ್ಟಿದ್ದ ಗೆರೆಯ ತುಟಿ ಒಂದು ಮೂಲೆಯಲ್ಲಿ ಸಡಿಲವಾಯಿತು; ಹಣೆಯ ಗೆರೆಗಳು ಮಾತ್ರ ಇನ್ನೂ ಕೆಳಗಿಳಿದಿರಲಿಲ್ಲ. ಆದರೆ ಆ ಎಲ್ಲರ ನಗುವನ್ನೂ ಮುಚ್ಚಿ, ಕುರ್ಚಿಯಿಂದ ಅರ್ಧ ಜಾರಿ, ಪ್ರತಿಯನ್ನು ಎದೆಗೊತ್ತಿಕೊಂಡು, ಕಟ್ಟಡದ ಕೆಳಗಿನ ಅಂತಸ್ತಿನವರು ಬಂದು ಏನಾಯಿತೆಂದು ಕೇಳುವಷ್ಟು ಜೋರಾಗಿ ನಗುತ್ತಿದ್ದವರು ಕತ್ತರಿ ಮಾಸ್ಟ್ರು.